ಮೇಲಿನ ಹೊಲದ ಬಣ್ಣ

ಕಚೇರಿ, ಮೂರನೇ ಮಹಡಿ
ಮಾರ್ಚ್ ೧೨, ಮಧ್ಯಾಹ್ನ

ಪ್ರೀತಿಯ ಗುಬ್ಬಿ,

“ಅಪ್ಪ ಬೆಳೆದದ್ದಕ್ಕಿಂತ ನೀರು ಸುರಿದದ್ದೇ ಹೆಚ್ಚು” ಎಂದು ನೀನು ಹೇಳಿದ್ದೆ; ಅಥವಾ ಹೇಳಿದವಳು ಅಮ್ಮನಿರಬೇಕು, ನೀನು ಅವಳ ಧ್ವನಿಯಲ್ಲೇ ಹೇಳಿ ನಗಿಸಿದ್ದೆ. ಬೆಳಗಿನಿಂದ ಆ ಮಾತು ತಲೆಯಲ್ಲಿ ಕೂತಿದೆ. ಇರಲಿ, ಮೊದಲು ನಿನ್ನ ಮಂಡಿನೋವು ಹೇಗಿದೆ ಹೇಳು. ದಿನವಿಡೀ ವಾರ್ಡಿನಲ್ಲಿ ನಿಂತಿರುವ ನರ್ಸಿಗೆ “ಕೂತ್ಕೊಂಡು ಕೆಲಸ ಮಾಡಿ” ಎಂದ ಆ ಮಹಾನುಭಾವ ಡಾಕ್ಟರು ಇನ್ನೂ ಅಲ್ಲೇ ಇದ್ದಾರೋ? ನಾನು ಚೆನ್ನಾಗಿದ್ದೇನೆ. ಪರದೆ ನೋಡಿ ನೋಡಿ ಕಣ್ಣು ಉರಿಯುತ್ತದೆ, ಅಷ್ಟೇ.

ನನ್ನ ಈಗಿನ ಕೆಲಸ ಕೇಳಿದರೆ ನಗುತ್ತೀಯ. ಆಕಾಶದಿಂದ ತೆಗೆದ ಚಿತ್ರಗಳನ್ನು ಮುಂದಿಟ್ಟುಕೊಂಡು ಯಾವ ಹೊಲಕ್ಕೆ ಯಾವ ಬಗೆಯಲ್ಲಿ ನೀರು ಕೊಡುತ್ತಾರೆಂದು ಗುರುತಿಸುವುದು. ಕಾಲುವೆ ನೀರು ಹಾಯಿಸುವ ಹೊಲಕ್ಕೆ ನೀಲಿ, ತುಂತುರಿನದಕ್ಕೆ ಹಸಿರು, ಹನಿ ನೀರಾವರಿಯದಕ್ಕೆ ಹಳದಿ. ಹಾಯಿಸಿದ ನೀರಿನ ಒಂದು ಪಾಲು ಬೇರನ್ನು ದಾಟಿ ನೆಲದಾಳಕ್ಕೆ ಇಳಿಯುತ್ತದೆ. ಹನಿ ನೀರು ಹೆಚ್ಚುಕಡಿಮೆ ಬೇರಿಗೇ ಮುಗಿಯುತ್ತದೆ. ಇದು ತಿಳಿಯದೆ ಬಾವಿಗಳ ಮಟ್ಟ ಮುಂದೆ ಏನಾಗುತ್ತದೆಂದು ಕಂಪ್ಯೂಟರು ಲೆಕ್ಕ ಹಾಕಲಾರದು. ಅಪ್ಪನಿಂದ ನಿನ್ನ ಪಾಲಿಗೆ ಬಂದ ಮೇಲಿನ ಹೊಲ ನನ್ನನ್ನೇ ಯಾಮಾರಿಸಿತು. ಸಾಲುಗಳ ನಡುವಿನ ನೆಲ ಒಣಗಿ ಬೆಳ್ಳಗೆ ಕಂಡದ್ದರಿಂದ, ನೀರೇ ಇಲ್ಲದ ಹೊಲವೆಂದು ಬೂದು ಬಣ್ಣ ಹಚ್ಚಿಬಿಟ್ಟೆ. ಆಮೇಲೆ ಬದುವಿನ ಬಾಗು ಕಣ್ಣಿಗೆ ಬಿತ್ತು. ಚಿಕ್ಕಂದಿನಲ್ಲಿ ನಾವು ಮೂವರೂ ಸರದಿಯ ಮೇಲೆ ಜಾರಿ ಬೀಳುತ್ತಿದ್ದ ಬದು. ಅಷ್ಟು ಎತ್ತರದಿಂದ ನೋಡಿದರೆ ಸ್ವಂತ ಹೊಲವೂ ಯಾರದೋ ಹೊಲ.

ಪರಿಶೀಲನೆಗೆಂದು ಕಳೆದ ವಾರ ಅಲ್ಲಿಗೇ ಹೋದೆ. ತನ್ನ ಪಾಲಿನ ಕೆಳಗಿನ ಹೊಲದಲ್ಲಿ ದೊಡ್ಡಣ್ಣ ನಿಂತಿದ್ದ. “ಸಾಹೇಬ್ರು ಆಫೀಸಿಂದ ಬಂದ್ರೋ, ಮನೆಯಿಂದ ಬಂದ್ರೋ?” ಎಂದ. ಅವನ ಬಾವಿಗೆ ಅಳತೆಯ ಟೇಪು ಇಳಿಬಿಟ್ಟೆ. ಒಣಗಿಯೇ ಮೇಲೆ ಬಂತು. “ಮೊದಲು ಊಟ ಮಾಡಪ್ಪ, ಬಾವಿ ಎಲ್ಲೂ ಓಡಿ ಹೋಗಲ್ಲ” ಎಂದು ಅತ್ತಿಗೆ ಕರೆದರೆ, “ಬಾವಿ ಹೋಗಲ್ಲ, ನೀರು ಹೋಯ್ತಲ್ಲ” ಎಂದು ಇವನು. ನೀನು ಮೇಲೆ ಗುಟ್ಟಾಗಿ ಬೋರ್‌ವೆಲ್ ಕೊರೆಸಿ ತನ್ನ ನೀರೆಳೆದೆ ಎಂಬ ಅವನ ನಂಬಿಕೆ ಒಂದಿಷ್ಟೂ ಸಡಿಲವಾಗಿಲ್ಲ. ಅದೇ ಮಾತಿನ ಮೇಲಲ್ಲವೇ ನೀವಿಬ್ಬರೂ ಮಾತು ಬಿಟ್ಟದ್ದು. ನಿನ್ನ ಗೇಣಿಯವನ ಜೊತೆ ನಿನ್ನ ಹೊಲವನ್ನು ಮೂಲೆಮೂಲೆಯೂ ನಡೆದು ನೋಡಿದೆ. ಕಾಲುವೆಯಿಂದ ತುಂಬುವ ತೊಟ್ಟಿ, ಅದರಿಂದ ಹೊರಟ ಹನಿ ನೀರಿನ ಕಪ್ಪು ಪೈಪುಗಳು. ಬೋರ್‌ವೆಲ್ ಇಲ್ಲ.

ವಾಪಸು ಬಂದು ಹಳೆಯ ಚಿತ್ರಗಳನ್ನು ತೆಗೆದೆ. ಅಪ್ಪನ ಕಾಲದಲ್ಲಿ ಮೇಲಿನ ಹೊಲ ಒದ್ದೆ ಬಟ್ಟೆಯಂತೆ ಕಪ್ಪಗಿದೆ. ಕಾಲುವೆಯ ತೂಬು ತೆರೆದು ಅಪ್ಪ ಮರದಡಿ ಮಲಗಿಬಿಡುತ್ತಿದ್ದರು. “ನೀರು ಬದು ಹತ್ತಿತು, ಯಜಮಾನ್ರಿಗೆ ಇನ್ನೂ ಬೆಳಗಾಗಿಲ್ಲ” ಎಂದು ಅಮ್ಮ ಕೂಗುತ್ತಿದ್ದದ್ದು ನಿನಗೆ ನೆನಪಿರಬೇಕು. ಆ ಹೊಲಕ್ಕೆ ನೀಲಿ ಹಚ್ಚಿ ಲೆಕ್ಕ ಓಡಿಸಿದೆ. ಪರದೆಯ ಮೇಲೆ ದೊಡ್ಡಣ್ಣನ ಬಾವಿಯಲ್ಲಿ ನೀರು ಉಳಿಯಿತು. ಬೇರೇನನ್ನೂ ಮುಟ್ಟದೆ ಅದೊಂದನ್ನೇ ಹಳದಿ ಮಾಡಿದೆ, ಬಾವಿ ಬತ್ತಿತು. ಯಾರೂ ಕದ್ದಿಲ್ಲ. ಕೆಳಗಿನ ಹೊಲಕ್ಕೆ ಕಾಲುವೆಯಿಲ್ಲ. ಅಲ್ಲಿಗೆ ಇಳಿಯುತ್ತಿದ್ದದ್ದು ಅಪ್ಪನ ನಿದ್ದೆ. ನೀನು ಎಚ್ಚರವಾಗಿದ್ದೀಯ, ಅಷ್ಟೇ ವ್ಯತ್ಯಾಸ.

ಫೋನಿನಲ್ಲಿ ದೊಡ್ಡಣ್ಣನಿಗೆ ಹೇಳಿದೆ. “ಉಳಿಸಿದೋಳು ಅವಳು, ಒಣಗಿದೋನು ನಾನು. ಇದ್ಯಾವ ಸೀಮೆ ಲೆಕ್ಕ ಕಣೋ?” ಎಂದ. ಲೆಕ್ಕವೇನೋ ಸರಿಯಾಗಿತ್ತು. ಫೋನಿಡುವ ಮುಂಚೆ, “ಅವಳ ಮಂಡಿ ಹೇಗಿದ್ಯಂತೆ?” ಎಂದ. ಮೇಲೆ ನಾನು ಕೇಳಿದ ಪ್ರಶ್ನೆಯಲ್ಲಿ ಅರ್ಧ ಅವನದು.

ಬಿಸಿನೀರಿನ ಶಾಖ ತಪ್ಪಿಸಬೇಡ. ಅತ್ತಿಗೆ ನಿನ್ನನ್ನು ನೆನೆಸಿಕೊಂಡರು. ಒಳ್ಳೆಯದಾಗಲಿ.

ನಿನ್ನ
ಚಿಕ್ಕಣ್ಣ

ಮರೆತಿದ್ದೆ: ಬದುವಿನ ಪಕ್ಕದಲ್ಲೇ ಆಳದ ಬೋರ್‌ವೆಲ್ ಕೊರೆಸಲು ದೊಡ್ಡಣ್ಣ ಲಾರಿಗೆ ಹೇಳಿದ್ದಾನೆ, ಅದಕ್ಕಾಗಿ ಅರ್ಧ ಹೊಲ ಮಾರುತ್ತಾನಂತೆ. ಅಲ್ಲಿ ಕೆಳಗಿರುವುದು ಬರೀ ಬಂಡೆ. ಹೇಳಿದರೆ ಕೇಳುವವನಲ್ಲ, ನಿನ್ನ ಹತ್ತಿರ ಬಾಯಿಬಿಟ್ಟು ಕೇಳುವವನಂತೂ ಅಲ್ಲವೇ ಅಲ್ಲ. ಬೆಳೆಯಿಲ್ಲದ ದಿನಗಳಲ್ಲಿ ನಿನ್ನ ಪಾಲಿನ ಕಾಲುವೆ ನೀರು ಹಾಗೇ ಮುಂದೆ ಹರಿದುಹೋಗುತ್ತದೆ. ಪೈಪುಗಳು ಇರಲಿ, ಹಳದಿ ಬಣ್ಣವೂ ಇರಲಿ. ಕಟಾವಾದ ಮೇಲೆ ಖಾಲಿ ಹೊಲಕ್ಕೆ, ಅಪ್ಪ ಮಲಗುತ್ತಿದ್ದಷ್ಟು ಹೊತ್ತು, ತೂಬು ತೆರೆದಿಡು ಎಂದು ನಿನ್ನ ಗೇಣಿಯವನಿಗೆ ಒಂದು ಮಾತು ಹೇಳುತ್ತೀಯಾ?