ಡ್ಯುಬಾಯಟಿ, ಅಂದರೆ ಸಂಶಯ

ಐನಾಪುರ
ಜುಲೈ ೧೯೯೧

ತೀರ್ಥರೂಪ ಅಪ್ಪನವರಿಗೆ ಕಸ್ತೂರಿ ಮಾಡುವ ನಮಸ್ಕಾರ.

ಈ ಪತ್ರವನ್ನು ನನಗೆ ಇಂಗ್ಲಿಷ್ ಕಲಿಸಿದ ಅಕ್ಕೋರ ಕಡೆಯೇ ಓದಿಸಿರಿ. ನಾನು ಬರೆದದ್ದನ್ನು ಇವರೇ ಓದಿ ಅಂಚೆಗೆ ಹಾಕುತ್ತಾರೆ. ನನಗೆ ಹೊರಗೆ ಹೋಗುವ ತ್ರಾಸಿಲ್ಲ.

ನಮ್ಮ ದ್ರಾಕ್ಷಿ ತೋಟಕ್ಕೆ ‘ಡ್ಯುಬಾಯಟಿ’ ರೋಗ ಬಿದ್ದಿದೆ. ಶಾಲೆಯಲ್ಲಿ ಅಕ್ಕೋರು ಅದರ ಅರ್ಥ ಹೇಳಿದಾಗ ನಾನು ಕಂಡಿರಲಿಲ್ಲ, ಈಗ ದಿನಾ ಕಾಣುತ್ತೇನೆ. ಮೊದಲು ಬಾವಿಯ ದಾರಿಯಲ್ಲಿತ್ತು, ಆಮೇಲೆ ಕಿಟಕಿಯವರೆಗೆ ಬಂತು, ಈಗ ಬಾಗಿಲು ದಾಟಿ ಒಳಗೇ ಇದೆ.

ಪಂಚಮಿಗೆ ಕರೆಯಲು ಈ ಸಲ ಬೇಗ ಬನ್ನಿರಿ. ಅಕ್ಕೋರೂ ಜೊತೆಗಿರಲಿ.

ನಿನ್ನೆ ಇವರು ಮಿರಜಿಗೆ ಹೋಗಿ, ನಾನು ಹೇಳಿಕೊಟ್ಟ ಆ ರೋಗದ ಹೆಸರು ಹೇಳಿ ಔಷಧ ಕೇಳಿದರಂತೆ. ಬಂದವರೇ, “ಯಾವ ಅಂಗಡ್ಯಾಗೂ ಇದಕ್ಕ ಔಷಧ ಇಲ್ಲ ನೋಡು” ಎಂದರು.

ನಿಮ್ಮ ಮಗಳು,
ಕಸ್ತೂರಿ