ನಿನ್ನ ನೆನಪಿನ ಕಾರು

ಮಿಲ್‌ಬ್ರೂಕ್, ಇಂಡಿಯಾನಾ
21 ಆಗಸ್ಟ್ 2011, ಭಾನುವಾರ

ಮುದ್ದಿನ ಕರ್ಟಿಸ್,

ಹೇಗಿದ್ದೀಯ ಕಂದಾ? ಹಲ್ಲುನೋವು ಕಡಿಮೆಯಾಯಿತೇ? ಅಲ್ಲಿಯ ಡಾಕ್ಟರಿಗೆ ಹಲ್ಲು ಕೀಳುವುದೊಂದು ಬಿಟ್ಟು ಬೇರೇನೂ ಬರುವುದಿಲ್ಲ ಎಂದು ನೀನೇ ಬರೆದಿದ್ದೆ. ಕಿತ್ತರೆ ಕೀಳಲಿ ಬಿಡು, ನೋವಾದರೂ ಹೋಗುತ್ತದೆ. ಹೊಟ್ಟೆ ತುಂಬ ತಿನ್ನು, ರುಚಿ ಇಲ್ಲವೆಂದು ತಟ್ಟೆ ಸರಿಸಬೇಡ. ನನ್ನ ಮಂಡಿ ಹಾಗೇ ಇದೆ. ಎರಡು ವರ್ಷದಿಂದ ನಿನ್ನನ್ನು ನೋಡಲು ಬರದಿರುವುದಕ್ಕೆ ಅದೇ ಕಾರಣ ಎಂದು ಪ್ರತಿ ಪತ್ರದಲ್ಲೂ ಬರೆಯುತ್ತೇನೆ, ಇದರಲ್ಲೂ ಬರೆದೆ ಎಂದುಕೋ. ನಿಮ್ಮಪ್ಪನ ಬಿ.ಪಿ. ಹತೋಟಿಯಲ್ಲಿದೆ. ಹಿತ್ತಲಲ್ಲಿ ಈ ಸಲ ಟೊಮೆಟೊ ಚೆನ್ನಾಗಿ ಬಂದಿದೆ.

ನಿನ್ನ ಪತ್ರ ತಲುಪಿತು. ಸೆಪ್ಟೆಂಬರ್ ಒಂಬತ್ತಕ್ಕೆ ಬಿಡುತ್ತಾರೆ, ಅವತ್ತು ಅಪ್ಪ ನಮ್ಮ ಹಳೆಯ ಷೆವೆಲ್ ಕಾರು ತಂದು, ಬಟ್ಟೆಯ ಟಾಪು ಮಡಚಿಟ್ಟು, ಜೈಲಿನ ಗೇಟಿನ ಹೊರಗೆ ನಿಂತಿರಲಿ, ನನಗೆ ಇನ್ನೇನೂ ಬೇಡ ಎಂದು ಬರೆದಿದ್ದೀಯ. ನಿಮ್ಮಪ್ಪ ಅದನ್ನು ಎರಡು ಸಲ ಓದಿದರು. ಎದ್ದು ಗ್ಯಾರೇಜಿಗೆ ಹೋಗಿ ಟೈರುಗಳ ಗಾಳಿ ನೋಡಿದರು. ಗಾಳಿ ಸರಿಯಾಗಿಯೇ ಇತ್ತು. ನೀನು ಕೇಳಿದ್ದರ ವಿಷಯ ಆಮೇಲೆ ಬರೆಯುತ್ತೇನೆ, ಮೊದಲು ಕಾರಿನ ಸುದ್ದಿ ಕೇಳು.

ನೀನು ಕೊನೆಯ ಸಲ ನೋಡಿದಾಗ ಅದು ಕಾರಾಗಿರಲಿಲ್ಲ, ಕಾರಿನ ಹೆಣವಾಗಿತ್ತು. ಚಳಿಗಾಲದಲ್ಲಿ ರಸ್ತೆಗೆ ಚೆಲ್ಲುವ ಉಪ್ಪು ಅದರ ತಳವನ್ನೆಲ್ಲ ತಿಂದುಹಾಕಿತ್ತು. ತಲೆಯ ಮೇಲೆ ತಗಡಿಲ್ಲದ ಕಾರಿಗೆ ಇರುವ ಬಲವೆಲ್ಲ ತಳದಲ್ಲೇ, ಬಾಗಿಲ ಸಂದಿಗೆ ಅಡ್ಡಲಾಗಿ ಕಬ್ಬಿಣದ ಪೈಪು ಬೆಸೆಯದೆ ಆ ತಳ ಕತ್ತರಿಸಿದರೆ ನಡು ಕುಸಿದು ಬಾಗಿಲುಗಳು ಈ ಜನ್ಮದಲ್ಲಿ ಮತ್ತೆ ಕೂರುವುದಿಲ್ಲ ಎಂದು ನಿಮ್ಮಪ್ಪ ನಿನಗೆ ಹೇಳಿಕೊಟ್ಟರು. ಪೈಪು ಬೆಸೆದವನು ನೀನೇ, ಹದಿನೇಳು ತುಂಬಿತ್ತು ನಿನಗೆ. ಬೆಸುಗೆ ಚೆನ್ನಾಗಿತ್ತು, ಅದನ್ನು ಒಪ್ಪುತ್ತೇನೆ. ಆಮೇಲೆ ನಶೆಯ ಮಾತ್ರೆ ಹಿಡಿದೆ. ನಿಮ್ಮಪ್ಪ ಹರ್ನಿಯಾ ಆಪರೇಷನ್ ಮಾಡಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಾಗ ಆ ಕಾರಿನ ಜೊತೆ ಕಾರ್ಖಾನೆಯಿಂದಲೇ ಬಂದ ಇಂಜಿನ್ನನ್ನೇ ಬಿಚ್ಚಿ ಮಾರಿದೆ. ಅದು ಸಾಲದೆಂದು ನಮ್ಮ ಬೀದಿಯವರ ಗ್ಯಾರೇಜುಗಳ ಬೀಗ ಒಡೆದೆ. ನೀನು ಒಳಗೆ ಹೋದೆ, ನಾವು ಜನರಿಗೆ ಮುಖ ತೋರಿಸಲಾಗದೆ ಊರು ಬಿಟ್ಟು, ನಮ್ಮ ಗುರುತು ಯಾರಿಗೂ ಇಲ್ಲದ ಇಲ್ಲಿಗೆ ಬಂದೆವು. ಹಳೆಯದನ್ನು ಕೆದಕುತ್ತಿಲ್ಲ ಕಂದಾ, ಕ್ರಮವಾಗಿ ಹೇಳುತ್ತಿದ್ದೇನೆ ಅಷ್ಟೆ.

ಇಲ್ಲಿಗೆ ಬಂದ ಮೇಲೆ ನಿಮ್ಮಪ್ಪ ಬೇರೊಂದು ಇಂಜಿನ್ ತಂದು ಕೂರಿಸಿದರು. ಹೊಸ ತಳ ಹಾಕಿದರು. ನಾನು ನೀರು ಹಾಕಿಕೊಂಡು ಸ್ಯಾಂಡ್ ಪೇಪರಿನಲ್ಲಿ ಬಣ್ಣ ತಿಕ್ಕಿದೆ, ಬೆರಳ ತುದಿಯ ಚರ್ಮ ಏಳುವವರೆಗೆ ತಿಕ್ಕಿದೆ. ಕಡುನೀಲಿ ಬಣ್ಣ, ಬಿಳಿಯ ಟಾಪು, ಎದುರು ನಿಂತು ತಲೆ ಬಾಚಿಕೊಳ್ಳಬಹುದು. ಆದರೆ ಹಳೆಯ ಕಾರುಗಳ ಪ್ರದರ್ಶನಗಳಲ್ಲಿ ಬಣ್ಣ ನೋಡಿ ಮರುಳಾಗುವವರಿಲ್ಲ. ಜಡ್ಜುಗಳು ಬಗ್ಗಿ, ಟಾರ್ಚು ಬಿಟ್ಟು, ಇಂಜಿನ್ನಿನ ನಂಬರು ಕಾರಿನ ನಂಬರಿಗೆ ಹೊಂದುತ್ತದೆಯೇ ಎಂದು ನೋಡುತ್ತಾರೆ. ಹೊಂದದಿದ್ದರೆ ಅಲ್ಲಿಗೆ ಮುಗಿಯಿತು. ಹೋದ ವರ್ಷ ಒಬ್ಬ ಎಲ್ಲರ ಎದುರಿಗೇ, "ಯಾರ ಕಾರಿಂದ ಕಿತ್ಕೊಂಡ್ ಬಂದ್ರಿ ಯಜಮಾನ್ರೇ ಈ ಇಂಜಿನ್ನ?" ಎಂದು ಕೇಳಿದ. ನಿಮ್ಮಪ್ಪ ಕಿವಿಯವರೆಗೂ ಕೆಂಪಾದರು. ಕಳ್ಳನ ಅಪ್ಪನಿಗೆ ಅಂಥ ಪ್ರಶ್ನೆ ಬೇರೆಯವರಿಗಿಂತ ಹೆಚ್ಚು ಚುಚ್ಚುತ್ತದೆ.

ಎಲ್ಲರೂ ಕಾರಿನ ಮುಂದೆ ಸ್ಟ್ಯಾಂಡಿನ ಮೇಲೆ ಒಂದು ಬೋರ್ಡು ಇಡುತ್ತಾರೆ. ಅದರಲ್ಲಿ ಕಾರಿನ ಕಥೆ, ಹಳೆಯ ಫೋಟೊ ಇರುತ್ತದೆ. ಈ ಮೇ ತಿಂಗಳ ಪ್ರದರ್ಶನಕ್ಕೆ ನಾನೂ ಒಂದು ಮಾಡಿದೆ. ನೀನು ತುಕ್ಕು ಹಿಡಿದ ಬಾಗಿಲಿಗೆ ಒರಗಿ ನಗುತ್ತಿರುವ ಫೋಟೊ ಅಂಟಿಸಿದೆ, ಆಗಿನ್ನೂ ನಿನ್ನ ಹಲ್ಲು ಚೆನ್ನಾಗಿದ್ದವು. ಇಲ್ಲಿನ ಕಾರು ಕ್ಲಬ್ಬಿನ ಅಧ್ಯಕ್ಷನ ಹೆಂಡತಿ ಮಾರ್ಲೀನ್ ಎಂಬವಳು ಬಂದು ಅದನ್ನೇ ನೋಡುತ್ತ ನಿಂತಳು. "ನಿಮ್ಮ ಹುಡ್ಗನಾ? ಎಷ್ಟು ಲಕ್ಷಣವಾಗಿದಾನೆ. ಈಗ ಎಲ್ಲಿದಾನೆ?" ಎಂದಳು. ಜೈಲು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು, "ತೀರ್ಕೊಂಡ ಕಣಮ್ಮಾ, ಆಕ್ಸಿಡೆಂಟು" ಎಂದೆ. ಸುಳ್ಳು ಸರಾಗವಾಗಿ ಬಂತು.

ಅವಳು ನನ್ನನ್ನು ತಬ್ಬಿಕೊಂಡು ಅತ್ತಳು. ಸ್ವಲ್ಪ ಹೊತ್ತಿನಲ್ಲೇ ಗಂಡಸರು ಒಬ್ಬೊಬ್ಬರಾಗಿ ಬಂದು, ಟೋಪಿ ತೆಗೆದು, ನಿಮ್ಮಪ್ಪನ ಕೈ ಹಿಡಿದುಕೊಂಡರು. ನಿಮ್ಮಪ್ಪನಿಗೆ ಮೊದಲು ಏನೂ ತಿಳಿಯಲಿಲ್ಲ. ತಿಳಿದ ಮೇಲೆ ನನ್ನ ಕಡೆ ನೋಡಿದ ನೋಟವನ್ನು ಬೇರೆ ಹೆಂಗಸಾದರೆ ತಡೆದುಕೊಳ್ಳುತ್ತಿರಲಿಲ್ಲ. ಕಾರಿನೊಳಗೆ ಹೋಗಿ, ಟಾಪು ಏರಿಸಿಕೊಂಡು, ಆ ಬಿಸಿಲಲ್ಲಿ ಗಾಜು ಮುಚ್ಚಿ ಕೂತುಬಿಟ್ಟರು. ಜನ ಅದನ್ನು ದುಃಖ ಎಂದುಕೊಂಡರು. ಅವತ್ತು ಯಾವ ಜಡ್ಜೂ ಬಗ್ಗಲಿಲ್ಲ, ಟಾರ್ಚು ಬಿಡಲಿಲ್ಲ. ನಮಗೆ ಮೊದಲ ಬಹುಮಾನ ಬಂತು.

ಮನೆಗೆ ಬರುವಾಗ ನಿಮ್ಮಪ್ಪ, "ನಾಳೆ ಹೋಗಿ ನಿಜ ಹೇಳ್ಬಿಡ್ತೀನಿ" ಎಂದರು. ನಾಳೆ ಬಂತು, ಅವರು ಹೋಗಲಿಲ್ಲ. ಪ್ರತಿ ಶನಿವಾರ ಸಂಜೆ ಐಸ್‌ಕ್ರೀಂ ಅಂಗಡಿಯ ಮುಂದೆ ಕಾರಿನವರೆಲ್ಲ ಸೇರುತ್ತಾರೆ. ಅಲ್ಲಿ ಯಾರೋ ನಿನ್ನ ವಿಷಯ ಎತ್ತಿದಾಗ, ನಿಮ್ಮಪ್ಪ ನೀನು ಚಿಕ್ಕವನಿದ್ದಾಗ ಪಿಕಪ್ ಗಾಡಿಯ ಅಡಿ ತಮ್ಮ ಪಕ್ಕ ಮಲಗಿ ಟಾರ್ಚು ಹಿಡಿದುಕೊಂಡೇ ನಿದ್ದೆ ಹೋಗಿದ್ದನ್ನು ಹೇಳಿ ನಕ್ಕರು. ಕರ್ಟಿಸ್, ನಿನ್ನನ್ನು ಪೊಲೀಸರು ಕರೆದೊಯ್ದ ಮೇಲೆ ಅವರ ಬಾಯಲ್ಲಿ ನಿನ್ನ ಹೆಸರು ಬಂದಿರಲಿಲ್ಲ. ಈಗ ವಾರಕ್ಕೊಮ್ಮೆಯಾದರೂ ಬರುತ್ತದೆ. ನಿನ್ನ ಬೆಸುಗೆಯನ್ನು ಹೊಗಳುತ್ತಾರೆ, ಇಂಜಿನ್ ಮಾರಿದವರು ಯಾರೆಂದು ಹೇಳುವುದಿಲ್ಲ. ನಾನೂ ಅಷ್ಟೆ. ಬದುಕಿರುವ ನಿನಗಿಂತ ಸತ್ತ ನೀನು ನನಗೆ ಹೆಚ್ಚು ಇಷ್ಟ. ಅವನು ನನ್ನ ಪರ್ಸಿಗೆ ಕೈ ಹಾಕುವುದಿಲ್ಲ, ಬದಲಾಗಿದ್ದೇನೆ ಎಂದು ನನ್ನ ತಲೆ ಮುಟ್ಟಿ ಆಣೆ ಇಡುವುದಿಲ್ಲ. ನೀನು ನಿಜಕ್ಕೂ ಬದಲಾಗಿರಬಹುದು, ಅಲ್ಲಿಯ ಪಾದ್ರಿಗಳೂ ಹಾಗೆಂದೇ ಬರೆದಿದ್ದಾರೆ. ಆದರೆ ನಂಬಿ ನಂಬಿ ನನಗೆ ಸಾಕಾಗಿದೆ ಮಗನೇ.

ಕ್ಲಬ್ಬಿನವರು ನಿನ್ನ ನೆನಪಿಗೆಂದು ನಿನ್ನ ಹೆಸರಿನಲ್ಲಿ ಪಾರ್ಕಿನಲ್ಲಿ ಒಂದು ಬೆಂಚು ಹಾಕಿಸುತ್ತಿದ್ದಾರೆ. ಒಳ್ಳೆಯ ಗಟ್ಟಿ ಮರ, ಎದುರಿಗೆ ಕೆರೆ. ಹಿತ್ತಾಳೆ ಫಲಕಕ್ಕೆ ನೀನು ಹುಟ್ಟಿದ ಇಸವಿ ಕೊಟ್ಟೆ. ತೀರಿಕೊಂಡ ಇಸವಿ ಕೇಳಿದಾಗ ನಿನ್ನನ್ನು ಹಿಡಿದುಕೊಂಡು ಹೋದ ವರ್ಷವನ್ನೇ ಹೇಳಿದೆ. ಲೆಕ್ಕ ತಪ್ಪುವುದಿಲ್ಲವಲ್ಲ.

ಜ್ವರ ಗಿರ ಬಂದರೆ ಅಲಕ್ಷ್ಯ ಮಾಡಬೇಡ. ದೇವರು ನಿನ್ನನ್ನು ಎಲ್ಲೇ ಇದ್ದರೂ ಚೆನ್ನಾಗಿಟ್ಟಿರಲಿ. ನಿಮ್ಮಪ್ಪ ಹೊರಗೆ ಕಾರು ತೊಳೆಯುತ್ತಿದ್ದಾರೆ, ಅವರ ಪರವಾಗಿಯೂ ನಾನೇ ಹರಸುತ್ತಿದ್ದೇನೆ.

ನಿನ್ನ ಅಮ್ಮ,
ಲೊರ್ನಾ

ಇನ್ನೊಂದು ಮಾತು: ಒಂಬತ್ತಕ್ಕೆ ಕಾರು ಬರುವುದಿಲ್ಲ. ಮರುದಿನ ಬೆಂಚಿನ ಕಾರ್ಯಕ್ರಮ, ಸುತ್ತಲ ಊರುಗಳ ಕಾರುಗಳೆಲ್ಲ ಸಾಲಾಗಿ ಪಾರ್ಕಿಗೆ ಹೋಗುತ್ತವೆ, ನಮ್ಮದೇ ಎಲ್ಲಕ್ಕಿಂತ ಮುಂದೆ. ನಿಮ್ಮಪ್ಪ ಕ್ಲಬ್ಬಿಗೆ ಹೋಗಿ ನಿಜ ಹೇಳಿ ನಿನ್ನನ್ನು ಕರೆತರಲು ಹೊರಟೇ ಬಿಟ್ಟಿದ್ದರು. ಒಳಗೆ ನಿನ್ನ ಹಾಸಿಗೆಯಡಿ ಮತ್ತೆ ಮಾತ್ರೆ ಸಿಕ್ಕಿತಂತೆ, ಬಿಡುಗಡೆ ಮುಂದಕ್ಕೆ ಹೋಯಿತಂತೆ ಎಂದು ನಾನೇ ಕಟ್ಟಿ ಹೇಳಿದೆ. ತಕ್ಷಣ ನಂಬಿದರು. ಮನೆಗೆ ಫೋನು ಮಾಡಬೇಡ, ಅವರೇ ಎತ್ತುತ್ತಾರೆ. ಇದರ ಜೊತೆ ಅರಿಜೋನಾಕ್ಕೆ ಬಸ್ ಟಿಕೆಟ್ ಇಟ್ಟಿದ್ದೇನೆ, ಜಾಯ್ಸ್ ಚಿಕ್ಕಮ್ಮ ಬಸ್ ಸ್ಟ್ಯಾಂಡಿಗೆ ಬಂದಿರುತ್ತಾಳೆ. ಅವಳ ಊರಿನಲ್ಲಿ ನೀನು ಸತ್ತಿರುವುದು ಯಾರಿಗೂ ಗೊತ್ತಿಲ್ಲ.