ಸೊನ್ನೆ ಎಂದರೆ ಯಾರೂ ಇಲ್ಲ ಎಂದಲ್ಲ

ಮೀನುಗಾರಿಕೆಯ ಏಕೀಕೃತ ಮಾಹಿತಿ ವ್ಯವಸ್ಥೆಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನಮ್ಮ ನಾಮಸಿ ಕೊಲ್ಲಿಯ ಹವಳದ ದಿಬ್ಬವನ್ನು ಯಾರೂ ಬಳಸುತ್ತಿಲ್ಲ ಎಂದು ನಿಮ್ಮ ವ್ಯವಸ್ಥೆ ತೀರ್ಮಾನಿಸಿದೆ. ಆದ್ದರಿಂದ ಬರುವ ತಿಂಗಳಿನಿಂದ ಅಲ್ಲಿ ಬಲೆ ಬೀಸುವ ಪರವಾನಗಿಯನ್ನು ಹೊರಗಿನ ದೋಣಿಗಳಿಗೆ ಕೊಡುವುದಾಗಿ ತಿಳಿಸಿದ್ದೀರಿ. ನಾವು ಇದನ್ನು ಒಪ್ಪುವುದಿಲ್ಲ. ನಿಮ್ಮ ಕಚೇರಿಗೆ ಕಳಿಸಿದ ಮನವಿಗಳಿಗೆ 'ಸ್ವೀಕೃತವಾಗಿದೆ' ಎಂಬ ಯಂತ್ರದ ಉತ್ತರವಷ್ಟೇ ಬಂದಿರುವುದರಿಂದ, ಮನುಷ್ಯರಾದರೂ ಓದಲಿ ಎಂದು ಪತ್ರಿಕೆಗೆ ಬರೆಯುತ್ತಿದ್ದೇನೆ.

ನಡೆದದ್ದು ಇಷ್ಟು. ಊರಿನ ಮುಖ್ಯಸ್ಥರಾಗಿದ್ದ ನಮ್ಮ ದೊಡ್ಡಪ್ಪ ಕಳೆದ ವರ್ಷ ತೀರಿಕೊಂಡರು. ಮುಖ್ಯಸ್ಥರು ಹೋದರೆ ದಿಬ್ಬಕ್ಕೆ 'ತಂಬು' ಬೀಳುತ್ತದೆ. ನೀರಿನಲ್ಲಿ ಕಂಬ ನೆಟ್ಟು ತೆಂಗಿನ ಗರಿ ಕಟ್ಟುತ್ತಾರೆ. ಅದನ್ನು ಬಿಚ್ಚುವವರೆಗೆ ಅಲ್ಲಿ ಯಾರೂ ಗಾಳ ಹಾಕುವುದಿಲ್ಲ. ಈ ಸಲ ಶೋಕ ಮುಗಿಯುವ ಹೊತ್ತಿಗೆ ಮೀನು ತುಂಬಿಕೊಳ್ಳುತ್ತಿರುವುದನ್ನು ಕಂಡ ಹಿರಿಯರು, ಇನ್ನೂ ಸ್ವಲ್ಪ ಕಾಲ ಬಿಡೋಣ ಎಂದರು. ಕಡಲಿನ ಎದುರು ಕೂತು ಅಂಗಡಿಯ ಡಬ್ಬಿ ಮೀನನ್ನು ಮರಗೆಣಸಿಗೆ ನೆಂಚಿಕೊಂಡು ತಿನ್ನುವುದು ಯಾರಿಗೂ ಖುಷಿಯಲ್ಲ. ಆದರೂ ತಿನ್ನುತ್ತಿದ್ದೇವೆ. ಇದಕ್ಕೆ ನೀವಿಟ್ಟ ಹೆಸರು 'ಬಳಕೆಯಲ್ಲಿಲ್ಲ'. ನಮ್ಮ ಮಟ್ಟಿಗೆ ದಿಬ್ಬವನ್ನು ಇದಕ್ಕಿಂತ ಗಟ್ಟಿಯಾಗಿ ಹಿಡಿದುಕೊಳ್ಳುವ ಬಗೆ ಬೇರೊಂದಿಲ್ಲ.

ನಾನೂ ನಿಮ್ಮ ಕಸುಬಿನವಳೇ. ರಾಜಧಾನಿ ಸುವಾದಲ್ಲಿ ಬಹಳ ವರ್ಷ ಆಸ್ಪತ್ರೆಗಳಿಗೆ ಮಾಹಿತಿ ವ್ಯವಸ್ಥೆಗಳನ್ನು ರೂಪಿಸಿದ್ದೇನೆ. ಹಾಗಾಗಿ ಏನಾಗಿದೆಯೆಂದು ಊಹಿಸಬಲ್ಲೆ. ಮೀನು ಮಾರುಕಟ್ಟೆಯವರ ಕಂಪ್ಯೂಟರಿನಲ್ಲಿ ಸೊನ್ನೆ ಎಂದರೆ ಈ ದಿಬ್ಬದ ಮೀನು ತಕ್ಕಡಿಗೆ ಬರಲಿಲ್ಲ, ಅಷ್ಟೇ. ಪರಿಸರದವರಿಗೆ ಅದೇ ಸೊನ್ನೆ ಸಂತೋಷದ ಸುದ್ದಿ. ಪರವಾನಗಿಯವರಿಗೆ ಅದು ಹಕ್ಕು ತೊರೆದ ಗುರುತು. ನೀವು ಮೂವರನ್ನೂ ಜೋಡಿಸಿ, ಉದ್ಘಾಟನೆಯ ದಿನ ಹೂಮಾಲೆ ಹಾಕಿಸಿಕೊಂಡಿರಿ. ಸಂಖ್ಯೆ ಕ್ಷಣಮಾತ್ರದಲ್ಲಿ ಒಂದು ಕಚೇರಿಯಿಂದ ಇನ್ನೊಂದಕ್ಕೆ ದಾಟಿತು. ಅರ್ಥ ದಡದಲ್ಲೇ ಉಳಿಯಿತು. ಎತ್ತು ಏರಿಗೆ, ಕೋಣ ನೀರಿಗೆ ಎಳೆಯುತ್ತಿರುವಾಗ ನೊಗ ಹೊಸದೆಂದು ಹಿಗ್ಗುವುದು ಯಾವ ಜಾಣತನ? ತಂತಿ ಜೋಡಿಸುವ ಮೊದಲು, 'ಇದಕ್ಕೆ ನಿಮ್ಮಲ್ಲಿ ಏನರ್ಥ?' ಎಂದು ಪ್ರತಿಯೊಬ್ಬರನ್ನೂ ಕೇಳಿ, ಒಪ್ಪಿಗೆಗೆ ಬರುವುದೇ ಈ ಕೆಲಸದ ಅಡಿಪಾಯ. ಇಷ್ಟು ದೊಡ್ಡ ಯೋಜನೆಯಲ್ಲಿ ಆ ಪ್ರಶ್ನೆಗೆ ಒಂದು ಮಧ್ಯಾಹ್ನವೂ ಸಿಗಲಿಲ್ಲವೇ?

ಇಂಗ್ಲಿಷ್ ಶಾಲೆಯಲ್ಲಿ ಓದಿ, ಹೆಚ್ಚು ಕಾಲ ನಗರದಲ್ಲೇ ಕಳೆದ ನನಗೆ ತಂಬುವಿನ ಪರ ವಾದಿಸುವ ಅರ್ಹತೆ ಎಷ್ಟಿದೆ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಎಷ್ಟೋ ದಿಬ್ಬಗಳನ್ನು ಜನ ನಿಜವಾಗಿಯೂ ಬಿಟ್ಟುಹೋಗಿದ್ದಾರೆ ಎಂಬುದೂ ಗೊತ್ತು. ಅದನ್ನು ನೀವು ತಿಳಿದುಕೊಳ್ಳಬೇಕಾದದ್ದು ನ್ಯಾಯ. ಎಣಿಸಿ, ಬೇಡವೆನ್ನುವುದಿಲ್ಲ. ಆದರೆ ಎಣಿಕೆಯ ಅರ್ಥವನ್ನು ಒಬ್ಬರೇ ಕೂತು ಬರೆಯಬೇಡಿ.

ಹೋದ ವಾರ ನಿಮ್ಮ ಕಚೇರಿಯ ಒಬ್ಬರು ಫೋನಿನಲ್ಲಿ ಸಿಕ್ಕರು. ಸಜ್ಜನರು, ದನಿಯಲ್ಲಿ ಮರುಕವಿತ್ತು.

"ಒಂದ್ ಕೆಲಸ ಮಾಡಿ ಮೇಡಂ. ಒಂದೇ ಒಂದ್ ಬುಟ್ಟಿ ಮೀನು ಹಿಡಿಸಿ, ಮಾರ್ಕೆಟ್ಟಲ್ಲಿ ತೂಕ ಹಾಕಿಸ್ಬಿಡಿ. ಸೊನ್ನೆ ಹೋಗುತ್ತೆ, ನಿಮ್ ಹಕ್ಕು ತಾನಾಗೇ ಉಳಿಯುತ್ತೆ."

"ತಂಬು ಇದೆ ಅಂತ ನೀವೇ ಬರ್ಕೋಬಹುದಲ್ಲ?"

"ಅದಕ್ಕೆ ಜಾಗ ಇಲ್ಲ ಮೇಡಂ. ಇದು ಅಂಕಿ ಬಿಟ್ರೆ ಬೇರೇನೂ ತಗೊಳ್ಳಲ್ಲ."

ಆ ಸಂಜೆ ಸಭಾಮನೆಯಲ್ಲಿ, ಯಂಗೋನ ಬೇರಿನ ಪಾನೀಯ ಕುಡಿಯುತ್ತ ಕೂತಿದ್ದ ನಮ್ಮವರ ಮುಂದೆ ಈ ಸಲಹೆ ಇಟ್ಟೆ. ಒಪ್ಪಿಬಿಡೋಣ ಎಂದೇ ನನ್ನ ಮನಸ್ಸಿನಲ್ಲಿತ್ತು. ಚಿಕ್ಕಪ್ಪನ ಮಗ ಅಪೊರೊಸಾ ನನಗಿಂತ ಮೊದಲೇ ಬಾಯಿಬಿಟ್ಟ. ಅವನು ಕೇಳಿದ್ದು, ತೀರಿಕೊಂಡ ಮುಖ್ಯಸ್ಥರ ತಂಗಿ ಉನೈಸಿ ಅತ್ತೆಯನ್ನು.

"ಒಂದ್ ಬುಟ್ಟಿ ತಾನೆ ಅತ್ತೆ. ದೊಡ್ಡಪ್ಪ ಎದ್ದು ಬಂದು ಬೈತಾರಾ?"

"ಬದುಕಿದ್ದಾಗ್ಲೇ ನಿನ್ನಂಥವನಿಗೋಸ್ಕರ ಚಾಪೆ ಬಿಟ್ಟು ಎದ್ದವನಲ್ಲ. ಈಗ ಏಳ್ತಾನಾ?"

ಎಲ್ಲರೂ ನಕ್ಕರು. ಅಪೊರೊಸಾನೂ ನಕ್ಕ. ಅತ್ತೆ ನನ್ನ ಕಡೆ ತಿರುಗಿದರು.

"ನೀನೇನಂತೀಯ, ಲವೇನಿಯಾ?"

"ಹಕ್ಕು ಹೋಗ್ಬಿಟ್ರೆ ಅಂತ ಭಯ ಅತ್ತೆ."

"ನನಗೂ ಭಯಾನೇ. ಆದ್ರೆ ಅಣ್ಣನ ಹೆಸರಲ್ಲಿ ಕಟ್ಟಿದ ಗರಿ ಅದು. ಆಫೀಸಿನವರಿಗೆ ಅರ್ಥ ಆಗಲ್ಲ ಅಂತ ಬಿಚ್ಚೋಕಾಗುತ್ತಾ? ಅರ್ಥ ಬೇಕಂದ್ರೆ ಬಂದು ಕೂತ್ಕೊಳ್ಳಲಿ. ಚಾಪೆ ಹಾಸ್ತೀನಿ."

ಆ ರಾತ್ರಿಯಿಂದ ನನಗೆ ಅನುಮಾನವಿಲ್ಲ. ಆ ಬುಟ್ಟಿ ಮೀನು ನಿಮ್ಮ ಪರದೆಯಲ್ಲಿ ಸರಿಯಾದ ಅಂಕಿಯಾಗುತ್ತಿತ್ತು, ನಮ್ಮ ಊರಿನಲ್ಲಿ ಸುಳ್ಳಾಗುತ್ತಿತ್ತು. ಸತ್ಯ ಹೇಳಿದವರ ಹಕ್ಕು ಕಸಿದು, ಸುಳ್ಳು ಹೇಳಿದರೆ ಮರಳಿಸುವ ವ್ಯವಸ್ಥೆಯನ್ನು ಯಾರಿಗಾಗಿ ಕಟ್ಟಿದ್ದೀರಿ?

ನಮ್ಮ ದಿಬ್ಬದ ಮೇಲಿನ ಪರವಾನಗಿಯನ್ನು ತಕ್ಷಣ ರದ್ದುಮಾಡಿ. ಮಾರುಕಟ್ಟೆ, ಪರಿಸರ, ಪರವಾನಗಿ ಮೂರೂ ಕಚೇರಿಯವರನ್ನು ಕರೆದುಕೊಂಡು ನಮ್ಮ ಊರಿಗೆ ಬನ್ನಿ. ಹಿಡಿಯದೆ ಬಿಟ್ಟ ದಿಬ್ಬಕ್ಕೂ ತೊರೆದುಹೋದ ದಿಬ್ಬಕ್ಕೂ ನಿಮ್ಮ ವ್ಯವಸ್ಥೆಯಲ್ಲಿ ಬೇರೆ ಬೇರೆ ಜಾಗ ಆಗುವವರೆಗೆ ಜೊತೆಗೆ ಕೂರೋಣ. ತಾಂತ್ರಿಕ ಕೆಲಸವನ್ನು ಮಾಡಿಕೊಡಲು ನಾನು ಸಿದ್ಧ. ಅದಕ್ಕೆ ಮೊದಲೇ ಪರವಾನಗಿಯ ದೋಣಿಗಳು ಬಂದರೆ, ನಮ್ಮ ದೋಣಿಗಳು ದಿಬ್ಬದ ಸುತ್ತ ನಿಂತಿರುತ್ತವೆ. ಒಂದರಲ್ಲೂ ಬಲೆ ಇರುವುದಿಲ್ಲ, ಊರಿನ ಎಲ್ಲರೂ ಇರುತ್ತೇವೆ. ಅಂದೂ ನಿಮ್ಮ ತಕ್ಕಡಿಗೆ ನಮ್ಮಿಂದ ಒಂದು ಮೀನೂ ಬರುವುದಿಲ್ಲ. ಆ ದಿನವನ್ನು ಏನೆಂದು ನಮೂದಿಸುತ್ತೀರಿ ಎಂದು ಈಗಲೇ ಯೋಚಿಸಿಡಿ.

ಇಂತಿ,
ಎಲ್ಲ ಮಾಹಿತಿಯೂ ತಮ್ಮಲ್ಲೇ ಇರುವುದರಿಂದ ತನ್ನ ಪರಿಚಯ ಹೇಗೆ ಹೇಳಿಕೊಳ್ಳಬೇಕೆಂದು ತಿಳಿಯದ,
ಲವೇನಿಯಾ ತುಇವೈ
ನಾಮಸಿ ಕೊಲ್ಲಿ